ಖಾಲಿ ಬಾಟಲಿಯ ಎರಡನೇ ಗೆರೆ

ಕೆಂಪು ಗುಂಡಿಯನ್ನು ಅವಳು ಅಂಗೈಯಿಂದ ಗುದ್ದಿದಳು. ಯಂತ್ರ ಒಮ್ಮೆ ನರಳಿ, ಬಿಳಿ ಹಾಳೆಯ ಸುರುಳಿಯನ್ನು ಇನ್ನೊಂದು ಗೇಣು ಎಳೆದುಕೊಂಡು ನಿಂತುಬಿಟ್ಟಿತು. ಅದರ ಗರಗರ ಸದ್ದಿಗೇ ಒಗ್ಗಿಹೋಗಿದ್ದ ಶೆಡ್ಡಿನವರಿಗೆಲ್ಲ ಒಂದು ಕ್ಷಣ ಕಿವಿಯೇ ಹೋದಂತಾಯಿತು.

“ಏಯ್, ಏನಿದು!” ಯಂತ್ರದ ಹಿಂದಿನಿಂದ ಅವಳ ಗಂಡನ ತಲೆ ನೀಲಿ ಟೋಪಿಯ ಸಮೇತ ಮೇಲೆದ್ದಿತು. “ಯಾರನ್ನ ಕೇಳಿ ನಿಲ್ಲಿಸ್ದೆ?”

“ನಿಮ್ಮ ಗೆರೆ ಕೆಟ್ಟಿದೆ.”

“ನನ್ನ ಗೆರೆನಾ?”

“ನಿಮ್ಮದಲ್ದೆ ಇನ್ಯಾರದು? ಈ ಕಾರ್ಖಾನೇಲಿ ಗೆರೆ ಎಳೆಯೋರು ನೀವೊಬ್ರೇ ಅಲ್ವಾ ಮೇಸ್ತ್ರಿಗಳೇ? ಬನ್ನಿ, ನೋಡಿ.”

ಮನೆಯಲ್ಲಿ ಅವಳ ಬಾಯಲ್ಲಿ ಅವನು ‘ರೀ’. ‘ಮೇಸ್ತ್ರಿಗಳೇ’ ಎಂದು ಬಂದರೆ ಎಲ್ಲೋ ಬೆಂಕಿ ಬಿದ್ದಿದೆ ಎಂದು ಅವನು ಮದುವೆಯ ಹೊಸದರಲ್ಲೇ ಕಲಿತಿದ್ದ. ಕೈ ಒರೆಸಿಕೊಂಡು ಬಂದು ಅವಳು ಹಿಡಿದಿದ್ದ ತಟ್ಟೆಯೊಳಗೆ ಬಗ್ಗಿ ನೋಡಿದ. ಬೆರಳಿನಷ್ಟೂ ಅಗಲವಿಲ್ಲದ ಬಿಳಿ ಪಟ್ಟಿಗಳು ಸಾಲಾಗಿ ಮಲಗಿದ್ದವು. ಒಂದೊಂದರ ಮೇಲೂ ಎರಡೆರಡು ಗೆರೆ. ಕೆಂಪಗೆ, ನೆಟ್ಟಗೆ, ಜೋಡಿಯಾಗಿ.

“ಚೆನ್ನಾಗೇ ಇದಾವಲ್ಲೇ. ಹೊಸ ಬಾಚಣಿಗೇಲಿ ಬೈತಲೆ ತೆಗೆದ ಹಾಗಿದೆ.”

“ಚೆನ್ನಾಗಿರೋದೇ ತೊಂದ್ರೆ. ಇವು ಖಾಲಿ ಬಾಟಲಿಗೆ ಅದ್ದಿದವು.”

ಮೇಸ್ತ್ರಿಯ ನಗು ಟೋಪಿಯೊಳಗೆ ಸೇರಿಕೊಂಡಿತು.

ಬಸುರಿ ಹೌದೋ ಅಲ್ಲವೋ ಎಂದು ಮನೆಯಲ್ಲೇ ನೋಡಿಕೊಳ್ಳುವ ಪಟ್ಟಿಗಳನ್ನು ಮಾಡುವ ಕಾರ್ಖಾನೆ ಅದು. ಹೊರಗಿನವರಿಗೆ ಅದರಲ್ಲೊಂದು ನಗೆ, ಒಂದು ನಾಚಿಕೆ. ಆ ದಂಪತಿಯ ಮಗಳು ಕಾಲೇಜಿನಲ್ಲಿ, “ನಮ್ಮಪ್ಪ ಅಮ್ಮ ಕಾಗದದ ಫ್ಯಾಕ್ಟರೀಲಿ ಇದಾರೆ” ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಒಳಗಿನವರಿಗೆ ಅದು ಬರೀ ಕೆಲಸ. ಮೇಸ್ತ್ರಿಯ ಯಂತ್ರ ಕಣ್ಣಿಗೆ ಕಾಣದ ಎರಡು ಗೆರೆಗಳನ್ನು ಬಿಳಿ ಹಾಳೆಯ ಮೇಲೆ ಎಳೆಯುತ್ತಿತ್ತು. ಆಚೆ ಕೋಣೆಯಲ್ಲಿ ಹಾಳೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸುತ್ತಿದ್ದರು. ಪ್ಯಾಕಿಂಗಿನವರು ಲಕೋಟೆಗೆ ಹಾಕುವ ಮುಂಚೆ, ಪ್ರತಿ ಲಾಟಿನಿಂದಲೂ ಒಂದಷ್ಟು ಪಟ್ಟಿಗಳು ಅವನ ಹೆಂಡತಿಯ ತಪಾಸಣೆ ಕೋಣೆಗೆ ಬರುತ್ತಿದ್ದವು.

ಅವಳ ಮೇಜಿನ ಮೇಲೆ ಎರಡು ಬಾಟಲಿ. ಒಂದಕ್ಕೆ ‘ತುಂಬು’ ಎಂದು ಹೆಸರು. ಬಸುರಿಯ ಮೂತ್ರದಲ್ಲಷ್ಟೇ ಇರಬೇಕಾದ ಹಾರ್ಮೋನನ್ನು ಅದರಲ್ಲಿ ಅಳೆದು ಬೆರೆಸಿರುತ್ತಾರೆ. ಇನ್ನೊಂದು ‘ಖಾಲಿ’. ಖಾಲಿ ಎಂದರೆ ಬರಿದಲ್ಲ. ಅದರಲ್ಲಿರುವುದು ಕಾರ್ಖಾನೆಯವರೇ ಬೆಳಗಿನ ಹೊತ್ತು ಕೊಡುವ ಮೂತ್ರ, ಬಸುರಿಯರಲ್ಲದವರದು, ಎಲ್ಲ ಒಟ್ಟಿಗೆ ಸುರಿದು ಕಲಕಿದ್ದು. ತುಂಬಿನಲ್ಲಿ ಅದ್ದಿದ ಪಟ್ಟಿ ಎರಡು ಗೆರೆ ತೋರಿಸಬೇಕು. ಖಾಲಿಯಲ್ಲಿ ಅದ್ದಿದ್ದು ಒಂದನ್ನೇ ತೋರಿಸಬೇಕು. ಒಂದೂ ಮೂಡದಿದ್ದರೆ ಪಟ್ಟಿಯೇ ಸತ್ತಿದೆ ಎಂದು ಲೆಕ್ಕ. ಖಾಲಿಯಲ್ಲಿ ಎರಡು ಮೂಡಿದರೆ ಪಟ್ಟಿ ಸುಳ್ಳು ಹೇಳುತ್ತಿದೆ, ಊರಿನ ಹೆಂಗಸರನ್ನೆಲ್ಲ ಬಸುರಿ ಮಾಡಲು ಹೊರಟಿದೆ ಎಂದರ್ಥ. ಆಗ ಇಡೀ ಲಾಟು ಬೆಂಕಿಗೆ.

ಅಷ್ಟು ವರ್ಷ ಆ ಕುರ್ಚಿಯಲ್ಲಿ ಕೂತ ಅವಳಿಗೆ ಖಾಲಿ ಬಾಟಲಿ ಒಮ್ಮೆಯೂ ಎರಡು ಗೆರೆ ತೋರಿಸಿರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು ‘ಒಂದ್ಗೆರೆ ಅಕ್ಕ’ ಎನ್ನುತ್ತಿದ್ದರು. ಅವಸರದಲ್ಲಿದ್ದವರು ಬರೀ ಅಕ್ಕ ಎನ್ನುತ್ತಿದ್ದರು.

“ಬಾಟಲಿ ಕೆಟ್ಟಿರಬೇಕು,” ಎಂದ ಮೇಸ್ತ್ರಿ.

“ನನ್ನ ಬಾಟಲಿನಾ?”

“ನಿನ್ನದಲ್ದೆ ಇನ್ಯಾರದು?” ಅವಳ ಮಾತನ್ನೇ ಬಡ್ಡಿ ಸಮೇತ ವಾಪಸು ಕೊಟ್ಟ. “ನನ್ನ ಗೆರೆ ಸುಳ್ಳು ಹೇಳಲ್ಲ. ಎರಡು ತಿಂಗಳ ಕೆಳಗೆ ಒಂದು ವಾರ ಪೂರ್ತಿ ರಿಪೇರಿ ಮಾಡಿಸಿ, ಮೂತಿಯಿಂದ ಬಾಲದವರೆಗೆ ತೊಳೆಸಿ ಇಟ್ಟಿರೋ ಯಂತ್ರ ಇದು.”

“ತೊಳೆದಿದ್ರೆ ಸಾಕಾ? ಹಾಳೆ ಕೂರಿಸೋ ಅಂಟು ಬದಲಾಯಿಸಿದೀರಲ್ಲ, ಆ ಹಾಳು ವಾಸನೆ! ಅದರಿಂದಲೇ ಏನೋ ಆಗಿರಬೇಕು. ಹದಿನೈದು ದಿನದಿಂದ ಈ ಕಡೆ ಬಂದ್ರೆ ನನಗೆ ಹೊಟ್ಟೆ ತೊಳಸುತ್ತೆ.”

“ಬೇರೆ ಯಾರಿಗೂ ತೊಳಸ್ತಿಲ್ಲ.”

“ಬೇರೆ ಯಾರಿಗೂ ಮೂಗಿಲ್ಲ!”

ಕತ್ತರಿಸುವವರು ಕತ್ತರಿ ಕೆಳಗಿಟ್ಟು ನಿಂತು ಕೇಳುತ್ತಿದ್ದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಆದರೆ ಇದು ಉಣ್ಣುವ ಹೊತ್ತೂ ಅಲ್ಲ, ಮಲಗುವ ಹೊತ್ತೂ ಅಲ್ಲ, ಲಾಟು ಸಂಜೆಗೆ ಲಾರಿ ಹತ್ತಬೇಕಾದ ದಿನ. ಅದಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಎದ್ದಿರುವ ಹೊಸ ಶೆಡ್ಡಿಗೆ ಮೇಸ್ತ್ರಿಯನ್ನೇ ಮುಖ್ಯಸ್ಥನನ್ನಾಗಿ ಮಾಡುತ್ತಾರೆಂದು ಮಾತಾಗಿತ್ತು. ಗೆರೆ ಕೆಟ್ಟಿದ್ದರೆ ಅದು ಹೋಯಿತು. ಅಕ್ಕನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕೆಂಪು ಗುಂಡಿಯನ್ನು ಗುದ್ದಿದ್ದಳು. ಗಂಡನ ಬಡ್ತಿ ಗಂಡನದು, ಬಾಟಲಿಯ ಮರ್ಯಾದೆ ತನ್ನದು.

ಅಷ್ಟರಲ್ಲಿ ಮ್ಯಾನೇಜರ್ ಬಂದರು.

ಅವರು ಒಳ್ಳೆಯ ಮನುಷ್ಯ. ಮೂತ್ರದ ಮೇಲೆ ನಡೆಯುವ ಕಾರ್ಖಾನೆಯನ್ನು ನಡೆಸಿಯೂ ‘ಮೂತ್ರ’ ಎಂಬ ಮಾತು ಬಾಯಿಗೆ ಬಾರದ ಮನುಷ್ಯ. ‘ಮಾದರಿ’ ಎನ್ನುತ್ತಿದ್ದರು, ಅದನ್ನೂ ಗಂಟಲು ಸರಿಮಾಡಿಕೊಂಡು. ಇಬ್ಬರ ವಾದವನ್ನೂ ಕೇಳಿ, ಅಲ್ಲೇ ತೀರ್ಪು ಕೊಡದೆ, ಜೇಬಿನಿಂದ ಬೀಗದ ಕೈ ತೆಗೆದು ಹಳೆಯ ಲಾಟುಗಳ ಕಪಾಟು ತೆರೆದರು. ಪ್ರತಿ ಲಾಟಿನ ಒಂದು ಮುಷ್ಟಿ ಪಟ್ಟಿಯನ್ನು ಅದರಲ್ಲಿ ಕಾಪಾಡಿ ಇಟ್ಟಿರುತ್ತಾರೆ.

“ಇದು ರಿಪೇರಿಗೆ ಮುಂಚಿನ ಲಾಟು. ಹಳೇ ಅಂಟು. ಇದನ್ನ ಖಾಲಿಗೆ ಅದ್ದಿ ನೋಡೋಣ. ಒಂದೇ ಗೆರೆ ಬಂದ್ರೆ ಹೊಸ ಲಾಟು ಕೆಟ್ಟಿದೆ. ಎರಡು ಬಂದ್ರೆ, ಅಕ್ಕ... ಮಾದರಿ ಕೆಟ್ಟಿದೆ.”

ಅಕ್ಕ ತಾನೇ ಅದ್ದಿದಳು. ಬಾಣದ ಗುರುತು ಮುಳುಗದಂತೆ ಹಿಡಿದು, ತೆಗೆದು, ಮಟ್ಟಸವಾಗಿ ಮಲಗಿಸಿದಳು. ಎಲ್ಲರೂ ತಟ್ಟೆಯ ಸುತ್ತ ಕತ್ತು ಚಾಚಿದರು. ಒದ್ದೆ ಮೆಲ್ಲಗೆ ಮುಂದೆ ಸರಿಯಿತು. ಕೆಂಪು ಹಬ್ಬಿತು, ಬಿಳಿಯಾಯಿತು, ಆಮೇಲೆ ಒಂದು ಗೆರೆ ನಿಂತಿತು.

ಅದರ ಪಕ್ಕದಲ್ಲಿ ಇನ್ನೊಂದು.

“ಆಹಾ!” ಎಂದ ಮೇಸ್ತ್ರಿ. ನೀಲಿ ಟೋಪಿ ತೆಗೆದು, ಕೊಡವಿ, ಮತ್ತೆ ತಲೆಗಿಟ್ಟುಕೊಂಡ, ಕಿರೀಟವನ್ನು ಇಟ್ಟುಕೊಳ್ಳುವ ಹಾಗೆ. ಹೆಂಡತಿಯ ಮುಖ ನೋಡಿದ ಮೇಲೆ ಮಾತ್ರ ಅದನ್ನು ಸ್ವಲ್ಪ ಕೆಳಗೆಳೆದುಕೊಂಡ.

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡರು. “ಅಕ್ಕ, ತುಂಬು ಬಾಟಲಿಗೆ ಬೆರೆಸೋ ಗಟ್ಟಿ ದ್ರಾವಣ ಇದೆಯಲ್ಲ, ಅದರ ಡ್ರಾಪರ್ ಏನಾದ್ರೂ ಖಾಲಿಗೆ...”

“ಇಲ್ಲ ಸಾರ್.”

“ಒಂದು ಹನಿ ಸಾಕು.”

“ಅರ್ಧ ಹನಿನೂ ಬಿದ್ದಿಲ್ಲ. ಅದಕ್ಕೆ ಕೆಂಪು ಡ್ರಾಪರ್, ಇದಕ್ಕೆ ಬಿಳೀದು. ಕಣ್ಣು ಮುಚ್ಚಿದ್ರೂ ನನ್ನ ಕೈ ತಪ್ಪಲ್ಲ.”

“ನಾನು ನಂಬ್ತೀನಿ. ಆದ್ರೆ ಕಾಯ್ದೆ ನಂಬಲ್ಲ. ಬಾಟಲಿ ಕೆಡಿಸಿದೋರು ಆ ರೂಮಲ್ಲಿ ಕೂರೋ ಹಾಗಿಲ್ಲ. ಸಂಜೆಯೊಳಗೆ ಬೇರೆ ಕಾರಣ ಸಿಗದಿದ್ರೆ ನಾಳೆಯಿಂದ ನೀವು ಪ್ಯಾಕಿಂಗಿಗೆ.”

ಪ್ಯಾಕಿಂಗ್! ಅಕ್ಕ ಅಲ್ಲಿಂದಲೇ ಬಂದವಳು. ಉದ್ದನೆಯ ಮೇಜು, ಬೆನ್ನಿಲ್ಲದ ಸ್ಟೂಲು, ಲಕೋಟೆಗೆ ಒಂದು ಪಟ್ಟಿ, ಒಂದು ತೇವ ಹೀರುವ ಪುಡಿಯ ಪೊಟ್ಟಣ, ಮಡಿಸು, ಅಂಟಿಸು, ಮತ್ತೆ ಪಟ್ಟಿ, ಮತ್ತೆ ಪೊಟ್ಟಣ. ಅಲ್ಲಿಂದ ತಪಾಸಣೆ ಕೋಣೆಯ ಬಾಗಿಲಿನ ತನಕ ಬರಲು ಅವಳ ಅರ್ಧ ಯೌವನ ಹಿಡಿದಿತ್ತು. ಅವಳು ಸೋತ ಮುಖ ಮಾಡಲಿಲ್ಲ. ಸೊಂಟಕ್ಕೆ ಕೈಯಿಟ್ಟಳು.

“ಗೆರೆ ಸರಿ ಇದೆ. ನನ್ನ ಕೈಯೂ ಸರಿ ಇದೆ. ಹಾಗಾದ್ರೆ ಕೊಟ್ಟೋರಲ್ಲೇ ಯಾರೋ ಬಸುರಿ.”

ಎಲ್ಲರ ಕತ್ತೂ ಒಟ್ಟಿಗೆ ತಿರುಗಿದ್ದು ಪ್ಯಾಕಿಂಗಿನ ಹೊಸ ಹುಡುಗಿಯ ಕಡೆಗೆ. ಮದುವೆಯಾಗಿ ಇನ್ನೂ ವರ್ಷ ತುಂಬದವಳು. ಅವಳು ಕೈಯಲ್ಲಿದ್ದ ಪೊಟ್ಟಣಗಳನ್ನೆಲ್ಲ ನೆಲಕ್ಕೆ ಚೆಲ್ಲಿದಳು.

ಬೆಳಿಗ್ಗೆ ಬಾಟಲಿಗೆ ಕೊಟ್ಟವರು ನಾಲ್ವರು. ಹೊಸ ಹುಡುಗಿ, ಗೇಟು ಕಾಯುವ ತಾತ, ಗೋದಾಮಿನ ದಪ್ಪಣ್ಣ, ಮತ್ತೆ ಮೇಸ್ತ್ರಿ. ದಪ್ಪಣ್ಣ ಕಡ್ಡಿಯಂಥ ಮನುಷ್ಯ. ದಿನವೂ ಕೊಡುತ್ತಿದ್ದ ಕ್ಯಾಂಟೀನಿನ ಅಡಿಗೆಯವಳು ಅಂದು ರಜೆಯಲ್ಲಿದ್ದಳು, ಹಾಗಾಗಿ ಬಾಟಲಿ ಗುರುತಿನ ಮಟ್ಟಕ್ಕೆ ಬಂದಿರಲಿಲ್ಲ. ಕೊರತೆಯನ್ನು ಅಕ್ಕ ತಾನೇ ತುಂಬಿಸಿದ್ದಳು. ಎಲ್ಲಿ ಏನು ಕಮ್ಮಿ ಬಿದ್ದರೂ ತನ್ನದನ್ನು ಸುರಿದು ಸರಿದೂಗಿಸುವುದು ಅವಳ ಹುಟ್ಟುಗುಣ. ಯಾರಿಗೋ ಜ್ವರ ಬಂದರೆ ಅವರ ಪಾಳಿ ಇವಳದು, ಯಾರದೋ ಬುತ್ತಿ ಮರೆತರೆ ಇವಳದರಲ್ಲಿ ಪಾಲು. ಇಂಥವನ್ನು ಅವಳು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮಾಡಿದ ಮರುಕ್ಷಣ ಮರೆತುಬಿಡುತ್ತಿದ್ದಳು.

“ನಾಲ್ಕೂ ಜನ ಬೇರೆ ಬೇರೆ ಕಪ್ಪಲ್ಲಿ ಕೊಡಿ,” ಎಂದಳು. “ಬೇರೆ ಬೇರೆ ನೋಡ್ತೀನಿ.”

“ನನ್ನದೂನಾ?” ಎಂದರು ತಾತ. “ನನ್ನ ಮರಿಮಗಳು ಕೇಳಿದ್ರೆ ನಕ್ಕು ಸಾಯ್ತಾಳೆ ಕಣಮ್ಮ.”

“ಬಾಟಲೀಲಿ ತಾತನದು ಮೊಮ್ಮಗನದು ಅಂತ ಬೇರೆ ಬರೆದಿರಲ್ಲ. ನಡೀರಿ.”

ಮ್ಯಾನೇಜರ್ ನಡುವೆ ಬಂದು, ಗಂಡಸರ ಮಾದರಿಯಲ್ಲಿ ಎರಡು ಗೆರೆ ಬರುವುದು ಅಪರೂಪ, ಬಂದರೆ ಒಳಗೆಲ್ಲೋ ಗೆಡ್ಡೆ ಬೆಳೆಯುತ್ತಿರಬಹುದು, ನೇರ ಡಾಕ್ಟರ ಹತ್ತಿರ ಓಡಬೇಕು, ನಗುವ ವಿಷಯವಲ್ಲ ಎಂದು ತಿಳಿಸಿದರು. ಗಂಡಸರ ನಗು ಅಲ್ಲಿಗೆ ನಿಂತಿತು. ದಪ್ಪಣ್ಣ ತನ್ನ ಹೊಟ್ಟೆ ಮುಟ್ಟಿಕೊಂಡು ನೋಡಿದ. ಅಲ್ಲಿ ಮುಟ್ಟಲು ಏನೂ ಇರಲಿಲ್ಲ.

ತಾತನಿಗೆ ಕಪ್ಪು ಹಿಡಿದು ನಿಂತರೆ ಬರಲೊಲ್ಲದು. ಕ್ಯಾಂಟೀನಿನ ನೀರಿನ ಹೂಜಿಯನ್ನೇ ಎತ್ತಿ ಗಟಗಟ ಕುಡಿದರು. ಊಟದ ಹೊತ್ತಿಗೆ ತಂದುಕೊಟ್ಟ ಕಪ್ಪು ನಲ್ಲಿ ನೀರಿನ ಹಾಗೆ ತಿಳಿಯಾಗಿತ್ತು.

“ಇದು ನಿಮ್ಮದಾ, ಹೂಜಿದಾ?” ಅಕ್ಕ ಬೆಳಕಿಗೆ ಹಿಡಿದು ನೋಡಿದಳು. “ಇದಕ್ಕೇ ಅಲ್ವಾ ಬೆಳಿಗ್ಗೆ ಎದ್ದ ಕೂಡ್ಲೆ ಹಿಡಿದಿದ್ದು ಕೊಡಿ ಅನ್ನೋದು? ರಾತ್ರಿಯೆಲ್ಲ ನಿಂತು ಗಟ್ಟಿಯಾಗಿರುತ್ತೆ. ಹೀಗೆ ನೀರು ಕುಡಿದು ಕೊಟ್ರೆ ನಿಜವಾದ ಬಸುರಿಗೂ ಒಂದೇ ಗೆರೆ ಬಂದೀತು.”

“ಹಾಗಾದ್ರೆ ನನ್ನ ಮೇಲೆ ಅನುಮಾನ ಹೋಗಿಲ್ಲ ಅನ್ನು,” ಎಂದು ತಾತ ಮೀಸೆಯಡಿ ನಕ್ಕರು. ಅಕ್ಕ ಅವರನ್ನು ಸಂಜೆಗೆ ಇನ್ನೊಮ್ಮೆ ಬನ್ನಿ ಎಂದು ಅಟ್ಟಿದಳು. ಸಂಜೆಯದರಲ್ಲೂ ಒಂದೇ ಗೆರೆ ಬಂದದ್ದನ್ನು ಇಲ್ಲೇ ಹೇಳಿಬಿಡಬಹುದು, ತಾತನ ಮರ್ಯಾದೆಯ ಪ್ರಶ್ನೆ.

ದಪ್ಪಣ್ಣನದು ಒಂದು ಗೆರೆ. ಅವನು ಕೋಣೆಯ ಹೊರಗೆ ಒಂದು ಸುತ್ತು ಕುಣಿದು ಬಂದ. ಮೇಸ್ತ್ರಿಯದು ಒಂದು. “ಹೇಳಿದ್ನಲ್ಲ,” ಎಂದ, ಏನು ಹೇಳಿದ್ದನೋ ಅವನಿಗೇ ಗೊತ್ತು.

ಹೊಸ ಹುಡುಗಿ ಕೊನೆಗೆ ಬಂದಳು. ಕಪ್ಪನ್ನು ಕೈಗೆ ಕೊಡದೆ ಮೇಜಿನ ತುದಿಯಲ್ಲಿಟ್ಟು, ಬಾಗಿಲು ಮುಂದೆ ಮಾಡಿದಳು.

“ಅಕ್ಕಾ, ಬಂದ್ರೆ ಎಲ್ಲರ ಮುಂದೆ ಹೇಳ್ಬೇಡಿ. ಮೊದಲು ಅವರಿಗೆ ನಾನೇ ಹೇಳ್ಬೇಕು.”

“ಬರಲಿ ಅಂತ ಇದೆಯಾ, ಬೇಡ ಅಂತಾ?”

“ಬೆಳಿಗ್ಗೆ ಬೇಡ ಅಂತಿತ್ತು. ಈಗ...” ಅವಳು ನಕ್ಕಳು. “ಎಲ್ಲರೂ ತಿರುಗಿ ನೋಡಿದ ಮೇಲೆ, ಇರಬಹುದೇನೋ ಅನ್ನಿಸಿಬಿಟ್ಟಿದೆ.”

ಅಕ್ಕ ಪಟ್ಟಿಯನ್ನು ಅದ್ದಿ ಮಲಗಿಸಿದಳು. ಕಾಯುವ ಹೊತ್ತು ಹಗುರಾಗಲಿ ಎಂದು ಮಾತಿಗೆ ಎಳೆದಳು. “ಇದರೊಳಗೆ ಏನಾಗ್ತಿದೆ ಅಂತ ಯಾವತ್ತಾದ್ರೂ ಯೋಚಿಸಿದೀಯಾ? ಬರೀ ಲಕೋಟೆಗೆ ತುರುಕ್ತೀಯಲ್ಲ.”

“ಗೆರೆ ಬರುತ್ತೆ, ಅಷ್ಟೇ ಗೊತ್ತು.”

“ಕೇಳು. ಇಲ್ಲಿ ಕೆಳಗಡೆ ಕೆಂಪು ಅಂಗಿ ಹಾಕ್ಕೊಂಡು ಒಂದು ಗುಂಪು ಕೂತಿದೆ ಅಂದ್ಕೋ. ಕಣ್ಣಿಗೆ ಕಾಣದಷ್ಟು ಚಿಕ್ಕವರು. ಒದ್ದೆ ಬಂದ ಕೂಡ್ಲೆ ಎದ್ದು ಅದರ ಜೊತೆ ಹೊರಡ್ತಾರೆ. ಒದ್ದೇಲಿ ಬಸುರಿ ಹಾರ್ಮೋನ್ ಇದ್ರೆ ಒಬ್ಬೊಬ್ಬರೂ ಅದನ್ನ ಗಂಟಿನ ಹಾಗೆ ಎತ್ಕೋತಾರೆ. ದಾರೀಲಿ ಎರಡು ಗೇಟು. ಅವೇ ನಮ್ಮ ಮೇಸ್ತ್ರಿ ಎಳೆಯೋ ಎರಡು ಗೆರೆ. ಮೊದಲನೇ ಗೇಟಿನವನು ಗಂಟು ಇದ್ದೋರನ್ನ ಮಾತ್ರ ಹಿಡಿದು ನಿಲ್ಲಿಸ್ತಾನೆ. ಕೆಂಪಂಗಿಯವರು ಅಲ್ಲಿ ಸಾಲು ನಿಂತ್ರೆ ನಮಗೆ ಗೆರೆ ಕಾಣುತ್ತೆ. ಗಂಟು ಇಲ್ದೋರನ್ನ ಅವನು ಹೋಗ್ಲಿ ಬಿಡು ಅಂತ ಬಿಟ್ಟುಬಿಡ್ತಾನೆ.”

“ಎರಡನೆಯವನು?”

“ಅವನು ನಮ್ಮ ತಾತನ ಹಾಗೆ. ಗಂಟಿರಲಿ ಬಿಡಲಿ, ಬಂದೋರನ್ನೆಲ್ಲ ನಿಲ್ಲಿಸಿ ಮಾತಾಡಿಸ್ತಾನೆ. ಅಲ್ಲಿ ಗೆರೆ ಬಂತು ಅಂದ್ರೆ ದಾರಿ ಸರಿಯಾಗಿದೆ, ಜನ ಕೊನೆ ತನಕ ನಡ್ಕೊಂಡು ಬಂದ್ರು ಅಂತ.”

ಹೊಸ ಹುಡುಗಿ ಪಟ್ಟಿಯ ಮೇಲೆ ಬಗ್ಗಿದಳು, ಆ ಪುಟ್ಟ ಜನ ನಿಜಕ್ಕೂ ಕಾಣಬಹುದೆಂಬಂತೆ. ತಾತನ ಗೇಟಿನಲ್ಲಿ ಗೆರೆ ನಿಂತಿತು. ಮೊದಲನೇ ಗೇಟು ಬಯಲಾಗಿತ್ತು. ಐದು ನಿಮಿಷದ ಗಂಟೆ ಟಿಣ್ ಎಂದಿತು.

“ಒಂದೇ,” ಎಂದಳು ಅಕ್ಕ, ಮೆತ್ತಗೆ.

“ಹೂಂ,” ಎಂದಳು ಹುಡುಗಿ. ಆದರೆ ಹೋಗಲಿಲ್ಲ. ಅಕ್ಕ ಕಪ್ಪುಗಳನ್ನು ತೊಳೆದು ಬರುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಕೂಗಿಕೊಂಡಳು, “ಅಕ್ಕಾ, ಅಕ್ಕಾ! ಇಲ್ನೋಡಿ, ಇನ್ನೊಂದು ಬರ್ತಿದೆ!”

ಅಕ್ಕ ಬಂದು ನೋಡಿದಳು. ಇತ್ತು, ಕೂದಲೆಳೆಯಂಥದು. ಬಣ್ಣವಿಲ್ಲದ್ದು. “ಇದು ಗೆರೆಯಲ್ಲ ಕಣೇ ಪುಟ್ಟಿ, ಗೆರೆಯ ನೆರಳು. ಒಣಗಿದ ಮೇಲೆ ಬರೋ ಕಲೆ. ಹತ್ತು ನಿಮಿಷ ಆದಮೇಲೆ ನೋಡ್ಬೇಡಿ ಅಂತ ಚೀಟೀಲಿ ಬರೆದಿರೋದು ಇದಕ್ಕೇ. ದಿನಾ ಆ ಚೀಟೀನ ಮಡಚೋಳು ನೀನೇ ಅಲ್ವಾ?”

“ಮಡಚ್ತೀನಿ. ಓದಿಲ್ಲ.”

ಇಬ್ಬರೂ ನಕ್ಕರು. ಹುಡುಗಿಯ ನಗು ಒಂದು ಕಡೆ ಸ್ವಲ್ಪ ಒದ್ದೆಯಾಗಿತ್ತು. ಅಕ್ಕ ಅವಳ ಟೋಪಿಯನ್ನು ಸರಿಮಾಡಿ, ಬೆನ್ನು ತಟ್ಟಿ ಕಳಿಸಿದಳು.

ಆಮೇಲೆ ಒಬ್ಬಳೇ ಕೂತಳು. ಎಲ್ಲರದೂ ಒಂದೊಂದೇ ಗೆರೆ. ಮ್ಯಾನೇಜರ್ ಬಾಗಿಲಲ್ಲಿ ಒಮ್ಮೆ ಇಣುಕಿ, ಗಂಟಲನ್ನೂ ಸರಿಮಾಡಿಕೊಳ್ಳದೆ ಹೋದರು. ಅದೇ ಹೇಳಿದಂತಾಯಿತು. ಹಾಗಾದರೆ ಡ್ರಾಪರೇ. ಹಾಗಾದರೆ ನನ್ನ ಕೈಯೇ. ಕೆಂಪು ಡ್ರಾಪರ್ ನೋಡಿದಳು, ಬಿಳಿಯದನ್ನು ನೋಡಿದಳು, ತನ್ನ ಬೆರಳುಗಳನ್ನು ನೋಡಿದಳು. ಇತ್ತೀಚೆಗೆ ಬಸ್ಸಿನಲ್ಲಿ ಕೂತಲ್ಲೇ ನಿದ್ದೆ ಹೋಗುತ್ತಿದ್ದೇನೆ. ಮೊನ್ನೆ ನಮ್ಮ ಸ್ಟಾಪೇ ದಾಟಿಹೋಯಿತು. ವಯಸ್ಸು ನಲವತ್ತು ದಾಟಿತಲ್ಲ, ತಿಂಗಳ ಲೆಕ್ಕವೂ ತಪ್ಪುತ್ತಿದೆ, ಅದು ನಿಲ್ಲುವ ಕಾಲ. ಅಂಥ ಒಂದು ಮಂಪರಿನಲ್ಲಿ ಕೈ ತಪ್ಪಿರಲೂಬಹುದು.

ಕನ್ನಡಕ, ಗಂಟೆ, ಬೆನ್ನಿಗಿಟ್ಟುಕೊಳ್ಳುವ ದಿಂಬು, ಮಗಳು ಚಿಕ್ಕವಳಿದ್ದಾಗ ಬಣ್ಣ ಹಚ್ಚಿಕೊಟ್ಟ ಪೆನ್ನಿನ ಡಬ್ಬಿ, ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡಳು. ಕೊನೆಗೆ ಕೆಟ್ಟ ಬಾಟಲಿಯನ್ನು ಚೆಲ್ಲಿ ತೊಳೆದಿಡೋಣವೆಂದು ಕೈಗೆತ್ತಿಕೊಂಡಳು. ಕೆಡಿಸಿದವಳೇ ತೊಳೆಯಬೇಕು, ನ್ಯಾಯ. ಬಾಟಲಿಯ ಮೈಮೇಲೆ ಗುರುತಿನ ನೀಲಿ ಗೀಟು. ದಿನವೂ ಅಲ್ಲಿಗೆ ತುಂಬಿಸುತ್ತಿದ್ದ ಗೀಟು. ಇವತ್ತು ಬೆಳಿಗ್ಗೆ ಅಡಿಗೆಯವಳಿಲ್ಲದೆ ಎರಡು ಬೆರಳು ಕಮ್ಮಿ ಬಿದ್ದಿತ್ತು...

ಕಮ್ಮಿ ಬಿದ್ದದ್ದನ್ನು ತುಂಬಿಸಿದ್ದು ಯಾರು?

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ಅಕ್ಕ ಹುಟ್ಟಿದಾಗಿನಿಂದ ಕೇಳಿದ್ದಳು. ಗಾದೆಯವರಿಗೆ ಕೊನೆಯ ಪಕ್ಷ ಕೂಸು ಕಂಕುಳಿನ ತನಕವಾದರೂ ಬಂದಿತ್ತು.

ಅವಳು ಒಂದು ಕಪ್ಪು ಹಿಡಿದು ಪಾಯಿಖಾನೆಗೆ ಹೋಗಿ ಬಂದಳು. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಆ ಚಿಲಕ ಇರುವುದೇ ಅವಳಿಗೆ ಅಂದು ಗೊತ್ತಾದದ್ದು. ಪಟ್ಟಿ ತೆಗೆದು ಅದ್ದಿದಳು, ಬಾಣದ ಗುರುತನ್ನೂ ಮುಳುಗಿಸಿ, ಗೆರೆಗಳನ್ನೂ ಮುಳುಗಿಸಿ. ಹೀಗೆ ಮಾಡಿದರೆ ಪಟ್ಟಿ ಹಾಳು ಎಂದು ಎಷ್ಟು ಹೊಸಬರಿಗೆ ಅವಳೇ ಗದರಿಸಿದ್ದಳೋ! “ಕತ್ತೆ,” ಎಂದು ತನ್ನನ್ನೇ ಬೈದುಕೊಂಡು ಅದನ್ನು ಬಿಸಾಡಿ ಇನ್ನೊಂದು ತೆಗೆದಳು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಬಾಣದ ತುದಿಯವರೆಗೆ ಮಾತ್ರ ಅದ್ದಿದಳು.

ಕೆಂಪಂಗಿಯ ಜನ ಎದ್ದರು, ಹೊರಟರು. ಮೊದಲನೇ ಗೇಟಿನಲ್ಲಿ ಎಂಥ ನೂಕುನುಗ್ಗಲು! ಗಂಟೆ ಟಿಣ್ ಎನ್ನುವ ಮಾತಿರಲಿ, ಅದನ್ನು ಚೀಲದಿಂದ ತೆಗೆದು ತಿರುಗಿಸಿಡುವ ಮೊದಲೇ ಗೆರೆ ಕಡುಕೆಂಪಾಗಿ ನಿಂತಿತ್ತು. ಐವರದರಲ್ಲಿ ಬೆರೆತು ತೆಳುವಾದರೂ ಬಾಟಲಿ ಬೆಳಿಗ್ಗೆ ಅಷ್ಟು ಜೋರಾಗಿ ಕೂಗಿದ್ದು ಸುಮ್ಮನಲ್ಲ.

ಅಕ್ಕ ದಿಂಬನ್ನು ಚೀಲದಿಂದ ತೆಗೆದು ಬೆನ್ನಿಗೆ ಕೊಟ್ಟುಕೊಂಡು ಕೂತಳು. ಎರಡೆರಡು ಗೆರೆಗಳನ್ನು ದಿನಕ್ಕೆ ಎಷ್ಟು ನೋಡುತ್ತಿದ್ದಳೋ ಲೆಕ್ಕವಿರಲಿಲ್ಲ. ಅವೆಲ್ಲ ಪಟ್ಟಿಯ ಸುದ್ದಿ ಹೇಳುತ್ತಿದ್ದವು. ಇದೊಂದು ಅವಳ ಸುದ್ದಿ ಹೇಳುತ್ತಿತ್ತು. ಮೊದಲು ನಾಚಿಕೆಯಾಯಿತು. ಕಾಲೇಜಿಗೆ ಹೋಗುವ ಮಗಳ ಮುಖ ಕಣ್ಣಮುಂದೆ ಬಂತು. ‘ಕಾಗದದ ಫ್ಯಾಕ್ಟರಿ’ ಎಂದು ಇನ್ನು ಅವಳು ಹೇಗೆ ನಂಬಿಸುತ್ತಾಳೆ! ಅಲ್ಲಿಂದ ನಗು ಶುರುವಾಯಿತು. ಬಾಯಿಗೆ ಟೋಪಿ ತುರುಕಿಕೊಂಡರೂ ನಿಲ್ಲಲಿಲ್ಲ.

ಬಾಗಿಲು ದಬದಬ ಎಂದಿತು. “ಲೇ, ಅಳಬೇಡ ಕಣೇ, ಬಾಗಿಲು ತೆಗಿ,” ಗಂಡನ ದನಿ. “ನಾನು ಸಾಹೇಬ್ರಿಗೆ ಹೇಳ್ತೀನಿ, ಯಂತ್ರದ್ದೇ ತಪ್ಪು ಅಂತ. ಹೊಸ ಶೆಡ್ಡು ಹೋದ್ರೆ ಹೋಗ್ಲಿ. ನೀನು ಪ್ಯಾಕಿಂಗ್‌ಗೆ ಹೋಗೋದು ಬೇಡ. ಕೇಳಿಸ್ತಾ?”

ಅವಳು ಚಿಲಕ ತೆಗೆದಳು. ಅವನ ಹಿಂದೆ ಮ್ಯಾನೇಜರ್, ಅವರ ಹಿಂದೆ ತಾತ, ದಪ್ಪಣ್ಣ, ಹೊಸ ಹುಡುಗಿ. ಅವಳು ಗಂಡನಿಗೆ ತಟ್ಟೆ ಚಾಚಿದಳು.

“ಇದ್ಯಾರದ್ದು?” ಎಂದ ಅವನು.

“ಗುರುತಿಗೆ ಕಮ್ಮಿ ಬಿದ್ದಿತ್ತು,” ಎಂದಳು. “ನಾನೇ ತುಂಬಿಸಿದ್ದೆ.”

ಮೇಸ್ತ್ರಿ ಪಟ್ಟಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಮತ್ತೆ ಪಟ್ಟಿಯನ್ನು ನೋಡಿದ, ಗೆರೆಯ ನೇರ ಪರೀಕ್ಷಿಸುವವನಂತೆ. ನೀಲಿ ಟೋಪಿ ಕೈಗೆ ಬಂತು, ಎಲ್ಲಿಡಬೇಕೆಂದು ತಿಳಿಯದೆ ತಾತನ ತಲೆಗೆ ಹೋಯಿತು.

“ನನ್ನ ಗೆರೆ ಸುಳ್ಳು ಹೇಳಲ್ಲ ಅಂದಿದ್ನಲ್ಲ,” ಎಂದ.

“ನನ್ನ ಬಾಟಲಿನೂ ಹೇಳಲಿಲ್ಲ.”

“ಹಾಗಾದ್ರೆ ತಪ್ಪು ಯಾರದ್ದು?” ಎಂದ ದಪ್ಪಣ್ಣ. ಅವನಿಗೆ ಇನ್ನೂ ಅರ್ಥವಾಗಿರಲಿಲ್ಲ.

“ಇಬ್ಬರದೂ ಕಣಯ್ಯ,” ಎಂದರು ತಾತ, ಎರಡು ಟೋಪಿಯ ಕೆಳಗಿನಿಂದ. “ಯಂತ್ರ ರಿಪೇರಿ ಅಂತ ಒಂದು ವಾರ ಎಲ್ಲರನ್ನೂ ಮನೆಗೆ ಕಳಿಸಿದ್ರಲ್ಲ!”

ನಗು ಪ್ಯಾಕಿಂಗಿನ ಕೊನೆಯ ಮೇಜಿನವರೆಗೂ ಹೋಗಿ, ವಿಷಯ ತಿಳಿದುಕೊಂಡು, ಇಮ್ಮಡಿಯಾಗಿ ವಾಪಸು ಬಂತು. ಹೊಸ ಹುಡುಗಿ ಅಕ್ಕನನ್ನು ಅಪ್ಪಿಕೊಂಡು, “ಚೀಟೀಲಿ ಬರೆದಿದೆ, ಡಾಕ್ಟರ ಹತ್ರ ತೋರಿಸಿ ಖಚಿತ ಮಾಡ್ಕೋಬೇಕಂತೆ. ಈಗ್ತಾನೆ ಓದ್ದೆ,” ಎಂದಳು. ಮೇಸ್ತ್ರಿ ಆಗಲೇ ಕುರ್ಚಿಯ ಧೂಳು ಒರೆಸುತ್ತಿದ್ದ, ಇಲ್ಲದ ಧೂಳನ್ನು.

ಮ್ಯಾನೇಜರ್ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟಂತೆ ಕಂಡರು. ಲಾಟು ಉಳಿಯಿತು, ಹೊಸ ಶೆಡ್ಡು ಉಳಿಯಿತು, ಅಕ್ಕನ ಕೋಣೆ ಅಕ್ಕನದೇ ಎಂದು ಅಲ್ಲೇ ಸಾರಿದರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ತಟ್ಟೆಯಲ್ಲಿದ್ದ ಕಡುಕೆಂಪು ಗೆರೆಯನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ಅವರ ಮುಖದಲ್ಲಿ ಒಂದು ಯೋಚನೆ ಮೆಲ್ಲಗೆ ಒದ್ದೆಯಂತೆ ಹಬ್ಬುವುದು ಕಾಣುತ್ತಿತ್ತು.

“ಅಕ್ಕ, ಒಂದು ಮಾತು. ತುಂಬು ಬಾಟಲಿಗೆ ನಾವು ಹಾರ್ಮೋನನ್ನ ಹೊರಗಿಂದ ತರಿಸಿ ಬೆರೆಸ್ತೀವಿ. ಎಷ್ಟಾದ್ರೂ ಬೆರೆಸಿದ್ದು ಬೆರೆಸಿದ್ದೇ. ನಿಜವಾದ... ಮಾದರಿ... ನಮ್ಮವರದೇ ಸಿಗೋದು ಅಂದ್ರೆ! ದಿನಾ ಬೆಳಿಗ್ಗೆ ಒಂದು ಕಪ್ಪು ಕೊಟ್ರೆ ಸಾಕು. ಬೆನ್ನಿಗೆ ಮೆತ್ತೆ ಇರೋ ಕುರ್ಚಿ ತರಿಸ್ತೀನಿ. ಮೇಜನ್ನ ಕಿಟಕಿ ಹತ್ರ ಹಾಕಿಸ್ತೀನಿ, ಆ ಅಂಟಿನ ವಾಸನೆ ಬರದ ಕಡೆ. ಮಧ್ಯಾಹ್ನ ಒಂದು ಗಂಟೆ ಮಲಗೋದಕ್ಕೆ ನನ್ನ ರೂಮೇ ಬಿಟ್ಟುಕೊಡ್ತೀನಿ. ಬಾಟಲಿ ಮೇಲೆ ನಿಮ್ಮ ಹೆಸರೇ ಬರೆಸೋಣ, ಏನಂತೀರಿ?”

“ಒಳ್ಳೆ ಮಾತು,” ಎಂದರು ತಾತ. “ನಮ್ಮ ಅಕ್ಕ ಯಾವತ್ತು ಇಲ್ಲ ಅಂದಿದಾಳೆ?”

“ಕೊಡ್ತಾಳೆ ಸಾರ್, ಕೊಡ್ತಾಳೆ,” ಎಂದ ಮೇಸ್ತ್ರಿ ಹಿಗ್ಗಿನಲ್ಲಿ. “ಕಮ್ಮಿ ಬಿದ್ರೆ ತುಂಬಿಸೋಳೇ ಇವಳು.”

ನಿಜ, ಅಕ್ಕ ಯಾವತ್ತೂ ಇಲ್ಲ ಎಂದವಳಲ್ಲ. ಬಾಯಿ ತೆರೆದರೆ ‘ಆಯ್ತು ಬಿಡಿ’ ಎಂಬುದು ಅಭ್ಯಾಸಬಲದಿಂದ ತಾನಾಗೇ ಹೊರಡಬೇಕಿತ್ತು. ಅವಳು ಮೇಜಿನ ಮೇಲಿನ ಬಾಟಲಿ ನೋಡಿದಳು. ಯಾರಿಗೂ ಹೇಳದೆ, ತನಗೇ ಗೊತ್ತಿಲ್ಲದೆ ಬೆಳಿಗ್ಗೆ ಅದರೊಳಗೆ ಸುರಿದದ್ದನ್ನು ಇಡೀ ಕಾರ್ಖಾನೆ ದಿನವಿಡೀ ಅದ್ದಿ, ಎತ್ತಿ, ಬೆಳಕಿಗೆ ಹಿಡಿದು, ಜಗಳವಾಡಿತ್ತು. ಅವಳು ಆ ಪಟ್ಟಿಯನ್ನು ತಟ್ಟೆಯಿಂದ ತೆಗೆದು, ಮಗಳ ಪೆನ್ನಿನ ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿದಳು.

“ಕಿಟಕಿ ಬೇಕು,” ಎಂದಳು. “ಮೆತ್ತೆ ಕುರ್ಚಿನೂ ಬೇಕು, ಅದನ್ನ ಬಸುರಿಗೆ ಹೇಗೂ ಕೊಡ್ಬೇಕಾಗುತ್ತೆ ನೀವು.”

“ಖಂಡಿತ, ಖಂಡಿತ. ಮತ್ತೆ ಕಪ್ಪು, ನಾಳೆಯಿಂದಲೇ...”

“ಇಲ್ಲ ಸಾರ್. ಒಂದು ಹನಿನೂ ಕೊಡಲ್ಲ.”